ಬಾಸ್ ತಟ್ಟನೆ ನಿಲ್ಲಬೇಕು

ಅಳಿಯಾ, ಮೈಸೂರಿನಿಂದ ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ತಂದಿದ್ದೀಯ, ಸಂತೋಷ. ಪುಟ್ಟ ಕಾರು, ಗಟ್ಟಿ ಓಟ. ಆದರೆ ಡಿಕ್ಕಿಯಲ್ಲಿ ಎರಡು ಹನ್ನೆರಡಿಂಚಿನ ಊಫರ್ ಕೂರಿಸುತ್ತೇನೆ ಅಂತ ಹೊರಟಿದ್ದೀಯಂತೆ, ಅಕ್ಕ ಹೇಳಿದಳು. ಅಂಗಡಿಗೆ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದು. ಒಂದೇ ಒಂದು ಹತ್ತಿಂಚಿನದು ನಿನಗೆ ಸಾಕು. ದುಡ್ಡು ಉಳಿಯಲಿ ಎಂದು ಹೇಳುತ್ತಿಲ್ಲ. ನಿನಗೆ ಬೇಕಾದ ಆ ಚೊಕ್ಕ ಪೆಟ್ಟು ಎರಡು ಹನ್ನೆರಡರಿಂದ ಸುಲಭಕ್ಕೆ ಬರುವುದಿಲ್ಲ ಎಂದು ಹೇಳುತ್ತಿದ್ದೇನೆ.

ಕಾರಣ ಕಾರಿನ ಒಳಗೇ ಇದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 40 ಹರ್ಟ್ಸ್‌ನ ಒಂದು ಅಲೆ ಎಂದರೆ ಎಂಟೂವರೆ ಮೀಟರ್ ಉದ್ದ. ನಿನ್ನ ಕಾರಿನಲ್ಲಿ ಡ್ಯಾಶ್‌ಬೋರ್ಡಿನಿಂದ ಹಿಂಬಾಗಿಲ ಗಾಜಿನವರೆಗೆ ಹೆಚ್ಚೆಂದರೆ ಎರಡೂವರೆ ಮೀಟರ್. ಅಷ್ಟುದ್ದದ ಅಲೆ ಅಷ್ಟು ಚಿಕ್ಕ ಜಾಗದಲ್ಲಿ ಓಡಾಡುವುದಕ್ಕೇ ಆಗುವುದಿಲ್ಲ. ಒಳಗಿನ ಗಾಳಿಯೆಲ್ಲ ಒಟ್ಟಿಗೆ ಒತ್ತಿ, ಒಟ್ಟಿಗೆ ಸಡಿಲವಾಗುತ್ತದೆ. ಸುಮಾರು 70 ಹರ್ಟ್ಸ್‌ನಿಂದ ಕೆಳಗೆ ಇಳಿದಂತೆಲ್ಲ ಕಾರೇ ಬಾಸನ್ನು ಏರಿಸುತ್ತಾ ಹೋಗುತ್ತದೆ. ಲೆಕ್ಕದ ಪ್ರಕಾರ ಪ್ರತಿ ಆಕ್ಟೇವಿಗೆ 12 ಡೆಸಿಬೆಲ್. ಬಾಗಿಲು, ಗಾಜು, ತಗಡು ಒಂದಷ್ಟನ್ನು ಸೋರಿಸುತ್ತವೆ, ಅಷ್ಟು ಪೂರ್ತಿ ಸಿಗುವುದಿಲ್ಲ. ಆದರೂ ಕಲ್ಯಾಣ ಮಂಟಪದಲ್ಲಿ ನಾಲ್ಕು ದೊಡ್ಡ ಬಾಕ್ಸ್ ಇಟ್ಟು ಪಡೆಯುವ ಆಳವನ್ನು ಚಿಕ್ಕ ಕಾರು ಬಿಟ್ಟಿಯಾಗಿ ಕೊಡುತ್ತದೆ. ಕಿಟಕಿ ಇಳಿಸಿದರೆ ಅದರಲ್ಲಿ ದೊಡ್ಡ ಪಾಲು ಹೊರಗೆ ಹೋಗುತ್ತದೆ, ಅದೂ ನೆನಪಿರಲಿ.

ಹಾಗಾಗಿ ಬಾಸ್ ಹೆಚ್ಚಿಸುವುದು ನಿನ್ನ ಕೆಲಸವೇ ಅಲ್ಲ. ಇರುವುದನ್ನು ಸಮಯಕ್ಕೆ ಸರಿಯಾಗಿ ನಿಲ್ಲಿಸುವುದು ನಿನ್ನ ಕೆಲಸ. ನಮ್ಮೂರ ಹಬ್ಬದಲ್ಲಿ ತಮಟೆಯವರು ಬಡಿಯುವ ಮೊದಲು ಹುಲ್ಲಿಗೆ ಬೆಂಕಿ ಹಾಕಿ ಚರ್ಮ ಕಾಯಿಸುವುದನ್ನು ನೋಡಿದ್ದೀಯಲ್ಲ? ತೇವ ಕುಡಿದು ಸಡಿಲವಾದ ಚರ್ಮಕ್ಕೆ ಎಷ್ಟು ಜೋರಾಗಿ ಹೊಡೆದರೂ ಮಂಕಾಗಿ ಎಳೆಯುತ್ತದೆ. ಬಿಗಿಯಾದ ಮೇಲೆ ಒಂದು ಪೆಟ್ಟು ಮುಗಿದು ಇನ್ನೊಂದು ಬರುತ್ತದೆ, ನಡುವೆ ನಿಶ್ಶಬ್ದ ಕೇಳಿಸುತ್ತದೆ. ಊಫರಿನದೂ ಅದೇ ಕಥೆ. ನಮ್ಮ ಹುಡುಗರು ಬಾಸ್ ಎಂದು ಕರೆಯುವ ಅರ್ಧಕ್ಕರ್ಧ, ಪೆಟ್ಟು ಮುಗಿದ ಮೇಲೂ ನಿಲ್ಲದೆ ಗುಂಯ್‌ಗುಡುವ ಬಾಲ.

ಅದಕ್ಕೇ ಮುಚ್ಚಿದ ಬಾಕ್ಸ್ ಮಾಡಿಸು ಎನ್ನುತ್ತೇನೆ. ಅಂಗಡಿಯವರು ತೂತಿನ ಬಾಕ್ಸನ್ನೋ ಬಾಸ್ ಟ್ಯೂಬನ್ನೋ ತೋರಿಸುತ್ತಾರೆ, ಯಾಕೆಂದರೆ ಶೋರೂಮಿನಲ್ಲಿ ಅದು ಜೋರಾಗಿ ಬಡಿಯುತ್ತದೆ. ಒಳ್ಳೆಯ ತೂತಿನ ಬಾಕ್ಸ್ ಇಲ್ಲವೆಂದಲ್ಲ, ಆದರೆ ಅದಕ್ಕೆ ಜಾಗ ಬೇಕು, ಲೆಕ್ಕ ಬೇಕು. ರೆಡಿಮೇಡ್ ಬಾಕ್ಸುಗಳಲ್ಲಿ ಎರಡೂ ಇರುವುದು ಅಪರೂಪ. ಮುಚ್ಚಿದ ಬಾಕ್ಸಿನಲ್ಲಿ ಒಳಗೆ ಸಿಕ್ಕಿಕೊಂಡ ಗಾಳಿಯೇ ಸ್ಪ್ರಿಂಗ್ ಆಗಿ ಕೋನನ್ನು ಹಿಂದಕ್ಕೆ ಎಳೆದು ನಿಲ್ಲಿಸುತ್ತದೆ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಹೆನ್ರಿ ಕ್ಲಾಸ್ ಜೊತೆ ಸೇರಿ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿ ಕಟ್ಟಿ, ಇದೇ ತತ್ವದ ಮೇಲೆ ಎಆರ್-1 ಸ್ಪೀಕರ್ ತಂದರು. ಬೀರುವಿನಷ್ಟು ದೊಡ್ಡ ಪೆಟ್ಟಿಗೆಯಿಂದ ಬರುತ್ತಿದ್ದ ಆಳ ಕಪಾಟಿನ ಮೇಲೆ ಇಡುವಷ್ಟು ಚಿಕ್ಕ ಡಬ್ಬಿಯಿಂದ ಬಂತು. ಚಿಕ್ಕ ಕಾರಿಗೆ ಇದರಲ್ಲಿ ಇನ್ನೊಂದು ಭಾಗ್ಯ ಇದೆ: ಮುಚ್ಚಿದ ಬಾಕ್ಸ್ ತನ್ನ ಮಿತಿಯಿಂದ ಕೆಳಗೆ ಆಕ್ಟೇವಿಗೆ 12 ಡೆಸಿಬೆಲ್‌ನಂತೆ ಇಳಿಯುತ್ತದೆ, ಕಾರು ಹೆಚ್ಚುಕಡಿಮೆ ಅಷ್ಟನ್ನೇ ಏರಿಸುತ್ತದೆ. ಇಳಿಜಾರಿಗೆ ಏರು ಸೇರಿ ಸಮವಾಗುತ್ತದೆ.

ಅಳತೆ ಊಫರಿನ ಜೊತೆ ಬರುವ ಕಾಗದದಲ್ಲೇ ಇರುತ್ತದೆ, ಅದನ್ನೇ ನಂಬು. ಹತ್ತಿಂಚಿನ ಹೆಚ್ಚಿನ ಊಫರುಗಳಿಗೆ 17ರಿಂದ 25 ಲೀಟರ್ ಸಾಕು. ಕ್ಯುಟಿಸಿ ಎಂಬ ಒಂದು ಅಂಕಿ ಕಾಣಿಸುತ್ತದೆ. ಅದು 0.7ರ ಆಸುಪಾಸು ಇದ್ದರೆ ಚೊಕ್ಕ, 1 ದಾಟಿದರೆ ಗುಡುಗುತ್ತದೆ. 18 ಮಿಲಿಮೀಟರಿನ ಎಂಡಿಎಫ್ ಹಲಗೆಯಲ್ಲಿ ಹೊರಅಳತೆ 40, 34, 25 ಸೆಂಟಿಮೀಟರ್ ಇಟ್ಟರೆ ಒಳಗೆ 23 ಲೀಟರಿನ ಮೇಲೆ ಸಿಗುತ್ತದೆ. ಊಫರಿನ ಬೆನ್ನು ಮತ್ತು ಒಳಗಿನ ಅಡ್ಡಪಟ್ಟಿ ಒಂದೆರಡು ಲೀಟರ್ ತಿನ್ನುತ್ತವೆ. ಬಡಗಿಯ ಹತ್ತಿರ ನಿಂತೇ ಮಾಡಿಸು. ಸ್ಕ್ರೂ ಹಾಕುವ ಮುಂಚೆ ಹಲಗೆಯ ಅಂಚಿಗೆಲ್ಲ ಫೆವಿಕಾಲ್ ಬಳಿಯಲಿ, ಒಣಗಿದ ಮೇಲೆ ಒಳಮೂಲೆಗಳಿಗೆ ಸಿಲಿಕಾನ್ ಎಳೆಯಲಿ, ವೈರ್ ಹೊರಬರುವ ತೂತನ್ನೂ ಬಿಡಬಾರದು. ಎಲ್ಲ ಮುಗಿದ ಮೇಲೆ ಎರಡು ಅಂಗೈಯನ್ನು ಕೋನಿನ ಮೇಲೆ ಸಮವಾಗಿಟ್ಟು ಮೆಲ್ಲಗೆ ಒಳಗೆ ಒತ್ತಿ ಹಿಡಿದು ಬಿಡು. ನಿಧಾನಕ್ಕೆ ಮೇಲೆ ಬಂದರೆ ಬಾಕ್ಸ್ ಬಿಗಿಯಾಗಿದೆ, ಥಟ್ಟನೆ ನೆಗೆದರೆ ಎಲ್ಲೋ ಗಾಳಿ ಹೋಗುತ್ತಿದೆ. ಬಾಕ್ಸನ್ನು ಡಿಕ್ಕಿಯ ನೆಲಕ್ಕೆ ಬೋಲ್ಟ್ ಹಾಕಿಸುವುದನ್ನು ಮರೆಯಬೇಡ. ಗುದ್ದಿದಾಗ ಅದು ಹಾರಿ ಬರುವುದು ಹಿಂದಿನ ಸೀಟಿನಲ್ಲಿ ಕೂತಿರುವ ಅಕ್ಕನ ಮೇಲೆ.

ಇನ್ನು ವೈರಿಂಗ್. 250 ವಾಟ್‌ನ ಒಂದು ಆಂಪ್ಲಿಫೈಯರ್, ಅಂದರೆ ಆಂಪ್, ಸಾಕು, ಅದು ಜೋರಾಗಿ ಹಾಡುವಾಗ ಸುಮಾರು 23 ಆಂಪಿಯರ್ ಎಳೆಯುತ್ತದೆ. 10 ಚದರ ಮಿಲಿಮೀಟರಿನ ತಾಮ್ರದ ವೈರ್ ತೆಗೆದುಕೊ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡು, ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಸವರಿದ ಅಲ್ಯೂಮಿನಿಯಂ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು, ಇದರಲ್ಲಿ ರಾಜಿ ಇಲ್ಲ. ಅರ್ತ್ ಕೊಡುವ ಜಾಗದಲ್ಲಿ ಪೇಂಟ್ ಕೆರೆದು ತಗಡು ಹೊಳೆಯುವಂತೆ ಮಾಡಿ ಕಚ್ಚಿಸು.

ಗೇನ್ ತಿರುಪನ್ನು ವಾಲ್ಯೂಮ್ ಎಂದುಕೊಂಡು ಪೂರ್ತಿ ತಿರುಗಿಸುವವರೇ ಹೆಚ್ಚು. ಅದು ವಾಲ್ಯೂಮ್ ಅಲ್ಲ. ಸ್ಟೀರಿಯೋ ಕೊಡುವ ಸಿಗ್ನಲ್ಲಿಗೆ ಆಂಪನ್ನು ಹೊಂದಿಸುವ ತಿರುಪು ಅದು. ಮಿತಿ ಮೀರಿದರೆ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ, ಪೆಟ್ಟು ಮೊಂಡಾಗುತ್ತದೆ, ಕಾಯಿಲ್ ಕಾದು ಸುಟ್ಟ ವಾಸನೆ ಬರುತ್ತದೆ. ಸರಿ ಮಾಡುವುದಕ್ಕೆ ಎಲೆಕ್ಟ್ರಿಷಿಯನ್ ಬಳಸುವ ಮಲ್ಟಿಮೀಟರ್ ಸಾಕು. ಊಫರ್ ವೈರ್ ಬಿಚ್ಚಿಡು. ಈಕ್ವಲೈಸರ್, ಬಾಸ್ ಬೂಸ್ಟ್ ಎಲ್ಲ ಆಫ್. 50 ಹರ್ಟ್ಸ್ ಟೋನ್ ಹಾಕಿ ಸ್ಟೀರಿಯೋ ವಾಲ್ಯೂಮನ್ನು ಮುಕ್ಕಾಲಿಗೆ ನಿಲ್ಲಿಸು. ವಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆ: 4 ಓಮ್‌ನ ಊಫರಿಗೆ 250ನ್ನು 4ರಿಂದ ಗುಣಿಸಿದರೆ 1000, ಅದರ ವರ್ಗಮೂಲ 31.6. ಮೀಟರ್ ಎಸಿಯಲ್ಲಿ ಅಷ್ಟು ವೋಲ್ಟ್ ತೋರಿಸುವವರೆಗೆ ಮಾತ್ರ ತಿರುಗಿಸು. ಬಾಸ್ ಬೂಸ್ಟನ್ನು ಆಮೇಲೂ ಮುಟ್ಟಬೇಡ.

ಇಷ್ಟು ಹೇಳಿದರೂ ನಿಜವಾದ ಬಿಗಿ ಬರುವುದು ಮುಂದಿನ ಬಾಗಿಲುಗಳಿಂದ. ಡ್ರಮ್ಮಿನ ಪೆಟ್ಟಿನಲ್ಲಿ ಎದೆಗೆ ತಾಗುವ ಆ ಮೊನೆ 80 ಹರ್ಟ್ಸ್‌ನ ಮೇಲೆ ಇರುತ್ತದೆ, ಅದು ಊಫರಿನ ಪಾಲಲ್ಲ. ಊಫರಿಗೆ 80ರ ಕೆಳಗಿನದನ್ನು, ಬಾಗಿಲ ಸ್ಪೀಕರಿಗೆ 80ರ ಮೇಲಿನದನ್ನು ಹಂಚು. ಊಫರಿನ ಇಳಿಜಾರು ಆಕ್ಟೇವಿಗೆ 24 ಡೆಸಿಬೆಲ್ ಇರಲಿ. ಇಬ್ಬರೂ ಒಂದೇ ಸ್ವರ ನುಡಿದರೆ ಮಸುಕಾಗುತ್ತದೆ. ಬಾಗಿಲ ಒಳಗಿನ ತಗಡಿಗೆ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸಿ, ದೊಡ್ಡ ತೂತುಗಳನ್ನು ಮುಚ್ಚಿಸು. ಸ್ಪೀಕರಿನ ಹಿಂದಿನ ಅಲೆ ಮುಂದಿನದಕ್ಕೆ ಬಂದು ಸೇರಿದರೆ ಬಾಸೇ ಕರಗಿಹೋಗುತ್ತದೆ. ಬಾಗಿಲ ತಳದ ನೀರಿಳಿಯುವ ಕಿಂಡಿಯನ್ನು ಮಾತ್ರ ಮುಚ್ಚಬಾರದು, ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ.

ಮುಂದಿನದು ನನಗೆ ಅತಿ ಇಷ್ಟವಾದ ಕೆಲಸ: ಕಟಕಟ ಹುಡುಕುವುದು. ಚಾಮರಾಜನಗರ ರಸ್ತೆಯ ಗದ್ದಲ ಬಿಟ್ಟು ಯಾವುದಾದರೂ ಹೊಲದ ಬದುವಿಗೆ ಕಾರು ನಿಲ್ಲಿಸಿ ಎಂಜಿನ್ ಆಫ್ ಮಾಡು. ಮೊಬೈಲಿನಿಂದ 30ರಿಂದ 100 ಹರ್ಟ್ಸ್‌ವರೆಗೆ ಮೆಲ್ಲಗೆ ಏರುವ ಟೋನ್ ಬಿಡು. ಒಬ್ಬ ಹೊರಗೆ, ಒಬ್ಬ ಹಿಂದಿನ ಸೀಟಿನಲ್ಲಿ. ಒಂದು ಕಡೆ ನಂಬರ್ ಪ್ಲೇಟ್ ಹಲ್ಲು ಕಡಿಯುತ್ತದೆ, ಸ್ವಲ್ಪ ಮೇಲೆ ಹೋದರೆ ಡಿಕ್ಕಿಯ ಮೇಲಿನ ಟ್ರೇ, ಆಮೇಲೆ ಸ್ಟೆಪ್ನಿ ಗುಂಡಿಯಲ್ಲಿರುವ ಜಾಕು, ಪ್ಲಾಸ್ಟಿಕ್ಕಿಗೆ ತಾಗುವ ಹಿಂದಿನ ಸೀಟ್ ಬೆಲ್ಟಿನ ಬಕಲ್ಲು. ಸದ್ದು ಬರುವ ಜಾಗದ ಮೇಲೆ ಬೆರಳು ಒತ್ತು. ನಿಂತರೆ ಕಳ್ಳ ಸಿಕ್ಕ ಹಾಗೆ. ಪ್ಲೇಟಿನ ಹಿಂದೆ ಫೋಮ್ ಟೇಪ್, ಟ್ರೇ ಅಂಚಿಗೆ ಫೆಲ್ಟ್, ಜಾಕಿಗೆ ಹಳೇ ಟವಲ್. ಸಾವಿರ ವಾಟಿನ ಆಂಪಿನಿಂದ ಸಿಗದ ಶುದ್ಧಿ ಇಷ್ಟರಿಂದ ಸಿಗುತ್ತದೆ. ದುಬಾರಿ ಊಫರ್ ಹಾಕಿಸಿ ನಂಬರ್ ಪ್ಲೇಟ್ ಬಡಿದುಕೊಳ್ಳುತ್ತಿದ್ದರೂ ಅದನ್ನೇ ಬಾಸ್ ಎಂದು ಹೇಳಿಕೊಳ್ಳುವ ಹುಡುಗರನ್ನು ಕಂಡಾಗ ನನಗೆ ನಿಜವಾಗಿ ಬೇಸರವಾಗುತ್ತದೆ.

ಊಫರ್ ನಿನ್ನ ಕಿವಿಯಿಂದ ಎರಡು ಮೀಟರಿನ ಮೇಲಿದೆ, ಬಲಬಾಗಿಲ ಸ್ಪೀಕರ್ ಒಂದು ಮೀಟರಿನೊಳಗೆ. ಹಾಗಾಗಿ ಬಾಗಿಲಿನದು ಮೊದಲು ಬರುತ್ತದೆ. ಸ್ಟೀರಿಯೋದಲ್ಲಿ ಟೈಮ್ ಅಲೈನ್‌ಮೆಂಟ್ ಇದ್ದರೆ ಆ ಬಾಗಿಲ ಸ್ಪೀಕರನ್ನು ಸುಮಾರು 4 ಮಿಲಿಸೆಕೆಂಡ್ ತಡಮಾಡು. ಆಮೇಲೆ ಊಫರಿನ ಫೇಸ್ ಸ್ವಿಚ್ಚನ್ನು 0ಯಲ್ಲೂ 180ರಲ್ಲೂ ಇಟ್ಟು ಕೇಳು, 80ರ ಸುತ್ತಲಿನ ಸ್ವರ ಯಾವುದರಲ್ಲಿ ತುಂಬಿ ಬರುತ್ತದೋ ಅದೇ ಸರಿ. ಹೊಂದಿಕೆ ಕೂತಾಗ ಬಾಸ್ ಡಿಕ್ಕಿಯಿಂದ ಬಂದಂತೆ ಇರುವುದಿಲ್ಲ, ಗಾಯಕನ ಹಿಂದೆಯೇ, ಮುಂದಿನ ಗಾಜಿನ ಹತ್ತಿರ ನಿಂತು ನುಡಿದಂತೆ ಇರುತ್ತದೆ. ಅಲ್ಲಿಯವರೆಗೂ ಊಫರಿನ ಮಟ್ಟವನ್ನು ಇಳಿಸುತ್ತಲೇ ಹೋಗು.

ಕಿವಿಯ ವಿಷಯ. 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪ್ರತಿ 3 ಡೆಸಿಬೆಲ್ ಏರಿದರೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. ಹೋದ ಶ್ರವಣ ಹಿಂದಕ್ಕೆ ಬರುವುದಿಲ್ಲ ಕಣಪ್ಪಾ. ಊರಿನ ವಿಷಯವೂ ಇದೆ: 2000ದ ಶಬ್ದಮಾಲಿನ್ಯ ನಿಯಮದಂತೆ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ಮೇಲಿನ ಸ್ವರಗಳನ್ನು ಗೋಡೆ ತಡೆಯುತ್ತದೆ, ಕೆಳಗಿನವನ್ನು ತಡೆಯುವುದಿಲ್ಲ. ನಮ್ಮ ಬೀದಿಯ ಶೀಟಿನ ಮನೆಗಳಲ್ಲಿ ಬಾಣಂತಿಯರು, ಕಾಯಿಲೆಯವರು ಮಲಗಿರುತ್ತಾರೆ. ಊರೊಳಗೆ ಬಂದ ಕೂಡಲೇ ಊಫರ್ ಇಳಿಸು.

ಕಡೆಗೆ ಪರೀಕ್ಷೆ. ಡಿಜೆ ರೀಮಿಕ್ಸ್ ಹಾಕಿ ಪರೀಕ್ಷೆ ಮಾಡಬೇಡ, ಅದರಲ್ಲಿ ಎಲ್ಲ ಕಾರೂ ಚೆನ್ನಾಗಿಯೇ ಕೇಳಿಸುತ್ತದೆ. ಯಾವುದಾದರೂ ಕಛೇರಿಯ ತನಿ ಆವರ್ತನ ಹಾಕು. ಮೃದಂಗದ ಎಡಗಡೆಗೆ ರವೆ ಮೆತ್ತಿರುತ್ತಾರಲ್ಲ, ಆ ಬದಿಯ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಬಂದು ಮುಗಿಯಬೇಕು. ಆಮೇಲೆ ಮೈಸೂರಿನವರೇ ಆದ ರಾಜನ್–ನಾಗೇಂದ್ರರ ಹಳೆಯ ಸಿನಿಮಾ ಹಾಡುಗಳಲ್ಲಿ ಬಾಸ್ ಗಿಟಾರ್ ನಡೆಯುವ ಒಂದನ್ನು ಹುಡುಕಿ ಹಾಕು. ಬಾಸ್ ಗಿಟಾರಿನ ದಪ್ಪ ತಂತಿ ಬಿಟ್ಟು ಮೀಟಿದರೆ 41 ಹರ್ಟ್ಸ್. ಅಲ್ಲಿಂದ ಮೇಲಕ್ಕೆ ನಡೆಯುವ ಸ್ವರಗಳೆಲ್ಲ ಒಂದೇ ಜೋರಿನಲ್ಲಿ ಕೇಳಿಸಬೇಕು. ಯಾವುದೋ ಒಂದು ಸ್ವರ ಮಾತ್ರ ಎದ್ದು ಕೂಗಿದರೆ ಟೋನ್ ಹಾಕಿ ಅದು ಯಾವುದು ಎಂದು ಹಿಡಿ, ಈಕ್ವಲೈಸರಿನಲ್ಲಿ ಆ ಜಾಗವೊಂದನ್ನೇ ಮೂರೋ ನಾಲ್ಕೋ ಡೆಸಿಬೆಲ್ ಇಳಿಸು, ಪಕ್ಕದವನ್ನು ಏರಿಸಬೇಡ. ಬಾಕ್ಸಿಗೆ ಹಲಗೆ ಕೊಯ್ಯಿಸುವ ದಿನ ಫೋನ್ ಮಾಡು, ಮಲ್ಟಿಮೀಟರ್ ಹಿಡಿದುಕೊಂಡು ನಾನೇ ಬರುತ್ತೇನೆ.