ಪ್ರಸಾದಿಯ ಕಣ್ಣು

“ಸಂಸಾರದ ಗೋಜಿನಲ್ಲಿ ದೇವರ ನೆನಹಿಗೆ ವೇಳೆಯೆಲ್ಲಿ?” ಎಂಬುದು ಗೃಹಸ್ಥರ ಬಾಯಲ್ಲಿ ಪದೇ ಪದೇ ಕೇಳಿಬರುವ ಮಾತು. ಬೆಳಗಾದರೆ ಹೊಲದ ಚಿಂತೆ, ಅಂಗಡಿಯ ಲೆಕ್ಕ, ಮಕ್ಕಳ ಶಾಲೆಯ ಶುಲ್ಕ, ವೃದ್ಧರ ಔಷಧೋಪಚಾರ. ಇವೆಲ್ಲವನ್ನು ಪೂರೈಸಿ ಕುಳಿತುಕೊಳ್ಳುವಷ್ಟರಲ್ಲಿ ಕಣ್ಣೆವೆಗಳು ತಾವಾಗಿಯೇ ಮುಚ್ಚುತ್ತವೆ. ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಇದರ ಒಳಗೆ ಒಂದು ತಪ್ಪು ತಿಳಿವಳಿಕೆ ಅಡಗಿದೆ. ದೇವರು ಮನೆಯ ಹೊರಗೆ ಎಲ್ಲಿಯೋ ಇರುವನು, ಮನೆಗೆಲಸ ತೀರಿದ ಮೇಲೆ ಅವನ ಬಳಿಗೆ ಹೋಗತಕ್ಕದ್ದು ಎಂಬುದೇ ಆ ತಿಳಿವಳಿಕೆ. ಹೊಲಕ್ಕೆ ನಡೆಯುವಾಗಲೂ ಒಲೆಯ ಮುಂದೆ ಕುಳಿತಾಗಲೂ ಇಷ್ಟಲಿಂಗವು ಎದೆಯ ಮೇಲೆಯೇ ಇರುವ ಮನೆಯಲ್ಲಿ ಇಂಥ ಮಾತು ಹೇಗೆ ಹುಟ್ಟಿತೆಂಬುದು ಆಶ್ಚರ್ಯದ ಸಂಗತಿ.

ಇನ್ನೊಂದು ಮಾತೂ ಉಂಟು. ಕೊಳವೆಬಾವಿಯಲ್ಲಿ ನೀರು ಬಿದ್ದಾಗ, ಮಗಳ ಲಗ್ನ ಗೊತ್ತಾದಾಗ, ವರ್ಷಗಟ್ಟಲೆ ಎಳೆದಾಡಿದ ವ್ಯಾಜ್ಯ ಗೆದ್ದಾಗ “ಶಿವ ಕಣ್ಣು ತೆರೆದ” ಎನ್ನುತ್ತಾರೆ. ಕೃತಜ್ಞತೆಯ ಮಾತಾದುದರಿಂದ ಅದನ್ನು ಹಳಿಯಬೇಕಾಗಿಲ್ಲ. ಆದರೂ ಕೇಳಬೇಕಾದುದೊಂದಿದೆ. ಪಕ್ಕದ ಹೊಲದವನು ಸಾಲ ಮಾಡಿ ಕೊರೆಯಿಸಿದ ಬಾವಿಯಿಂದ ಬರಿಯ ಧೂಳು ಮೇಲೆದ್ದಿತಲ್ಲ, ಅವನ ಪಾಲಿಗೆ ಶಿವನು ಕಣ್ಣು ಮುಚ್ಚಿಕೊಂಡಿದ್ದನೆ? ಲಾಭದ ದಿನ ಮಾತ್ರ ಕಾಣಿಸಿಕೊಳ್ಳುವ ಕರುಣೆಯು ನಷ್ಟದ ದಿನ ಕಾಣೆಯಾಗಲೇಬೇಕಷ್ಟೆ. ಇದು ಭಕ್ತಿಯ ವೇಷ ತೊಟ್ಟ ವ್ಯಾಪಾರವೆಂದರೆ ಕಠಿಣವಾದ ಮಾತಾಗಬಹುದು, ಸುಳ್ಳಾಗದು.

ಈ ತೊಡಕನ್ನು ಬಿಡಿಸುವ ದಾರಿ ಷಟ್‌ಸ್ಥಲದಲ್ಲಿಯೇ ಇದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಒಂದೊಂದು ಸ್ಥಲಕ್ಕೂ ಒಂದೊಂದು ಲಿಂಗ, ಒಂದೊಂದು ಮುಖ, ಒಂದೊಂದು ಭಕ್ತಿಯನ್ನು ನಿರೂಪಿಸಿದ್ದಾರೆ. ಪ್ರಸಾದವೆಂದೊಡನೆ ಊಟ ನೆನಪಾಗುವುದರಿಂದ ಪ್ರಸಾದಿಗೆ ನಾಲಗೆಯೇ ಮುಖವಾಗಿರಬೇಕೆಂದು ಭಾವಿಸುವವರು ಬಹಳ. ಹಾಗಲ್ಲ. ನಾಲಗೆಯು ಮಹೇಶಸ್ಥಲದ ಗುರುಲಿಂಗಕ್ಕೆ ಸಂದುಹೋಗಿದೆ. ಪ್ರಸಾದಿಸ್ಥಲದ ಶಿವಲಿಂಗಕ್ಕೆ ಮುಖವಾದುದು ಕಣ್ಣು. ಅಲ್ಲಿಯ ಭಕ್ತಿಗೆ ಅವಧಾನಭಕ್ತಿಯೆಂದು ಹೆಸರು. ಪ್ರಸಾದವನ್ನು ಉಣ್ಣುವುದಕ್ಕೆ ಮೊದಲು ಕಾಣಬೇಕೆಂಬುದು ಈ ಹೊಂದಿಕೆಯಿಂದ ತಾನಾಗಿಯೇ ಸ್ಪಷ್ಟವಾಗುತ್ತದೆ.

ಅವಧಾನವೆಂಬುದು ದೊಡ್ಡ ಪದವೆಂದು ಹೆದರಬೇಕಾಗಿಲ್ಲ. ಒಲೆಯ ಮೇಲೆ ಹಾಲಿಟ್ಟ ತಾಯಿ ಮಗುವಿನೊಡನೆ ಮಾತಾಡುತ್ತಿದ್ದರೂ ಅವಳ ಕಣ್ಣಿನ ಒಂದು ತುದಿ ಹಾಲಿನ ಮೇಲೆಯೇ ಇರುತ್ತದೆ. ಅದು ಅವಧಾನ. ಭಕ್ತನು ತನಗೆ ಬಂದುದನ್ನು ಲಿಂಗಕ್ಕೆ ಅರ್ಪಿಸಿ, ಅರ್ಪಿತವಾದುದನ್ನು ಪ್ರಸಾದವೆಂದು ತಿರುಗಿ ಪಡೆಯುತ್ತಾನೆ. ರೊಟ್ಟಿ ಅದೇ ರೊಟ್ಟಿ. ಅರ್ಪಣದಿಂದ ಅದರ ತೂಕ ಹೆಚ್ಚದು, ರುಚಿಯೂ ಬದಲಾಗದು. ಬದಲಾಗುವುದು ಉಣ್ಣುವವನ ಹಕ್ಕು. ಅರ್ಪಿಸುವ ಮುನ್ನ ಅದು “ನನ್ನ ದುಡಿಮೆ”ಯಾಗಿತ್ತು. ಅರ್ಪಿಸಿದ ಮೇಲೆ ಅದು ಕೊಟ್ಟದ್ದು, ಬಂದದ್ದು. ಕೊಟ್ಟವರು ಯಾರು, ಯಾರ ಕೈಯಿಂದ ಬಂದಿತು ಎಂದು ನೋಡುವ ಕಣ್ಣು ಆಮೇಲೆ ತೆರೆಯುತ್ತದೆ.

ಇಂಥ ಕಣ್ಣಿದ್ದ ಮನೆಯೊಂದು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿತ್ತು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರದಿಂದ ಮಾರಯ್ಯ, ಲಕ್ಕಮ್ಮ ಎಂಬ ದಂಪತಿಗಳು ಅಲ್ಲಿಗೆ ಬಂದು ನೆಲೆಸಿದ್ದರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯನ್ನು ಅಟ್ಟು ಜಂಗಮದಾಸೋಹ ಮಾಡಿ ಉಳಿದುದನ್ನು ಪ್ರಸಾದವಾಗಿ ಕೊಳ್ಳುವುದು ಇಬ್ಬರ ನಿತ್ಯನೇಮ. ‘ಆಯ್ದಕ್ಕಿ’ ಎಂಬ ಮಾತು ಅವರಿಬ್ಬರ ಹೆಸರಿಗೂ ಅಂಟಿ ಇಂದಿನವರೆಗೂ ಉಳಿದಿದೆ.

ಒಂದು ದಿನ ಮಾರಯ್ಯನು ಅಲ್ಲಮಪ್ರಭುವಿನ ಸನ್ನಿಧಿಯಲ್ಲಿ ಅನುಭಾವದ ಮಾತಿನಲ್ಲಿ ತನ್ಮಯನಾಗಿ ಕಾಯಕವನ್ನೇ ಮರೆತನು. ಕಾಯಕದ ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿದವಳು ಲಕ್ಕಮ್ಮ. ದೇವರ ವಿಷಯವಾಗಿ ಮಾತಾಡುತ್ತ ಕುಳಿತಿದ್ದ ಗಂಡನನ್ನು ಆಕೆ ಅಂಗಳದ ಅಕ್ಕಿಯ ಕಡೆಗೆ ಕಳುಹಿದಳು. ದೇವರ ಬಳಿಯಿಂದ ಎಬ್ಬಿಸಿದಳೆಂದು ಮೇಲುನೋಟಕ್ಕೆ ತೋರಬಹುದು. ಅಂದಿನ ದಾಸೋಹವು ಆ ಅಕ್ಕಿಯಿಂದಲೇ ನಡೆಯಬೇಕಾಗಿತ್ತೆಂಬುದನ್ನು ನೆನೆದರೆ, ಆಕೆ ಅವನನ್ನು ಯಾರ ಬಳಿಗೆ ಕಳುಹಿದಳೆಂಬುದು ತಿಳಿಯುತ್ತದೆ.

ಮತ್ತೊಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಇಂದಿನ ಯಾವ ಮನೆಯಲ್ಲಾದರೂ ಅದನ್ನು ದೇವರ ದಯೆಯೆಂದೇ ಹೇಳುತ್ತಿದ್ದರು. ನಾಳೆಗೂ ಆಯಿತೆಂದು ಗಡಿಗೆಯಲ್ಲಿ ತುಂಬಿಡುತ್ತಿದ್ದರು. ಬಡವರ ಮನೆಯಲ್ಲಿ ಹಾಗೆ ತುಂಬಿಟ್ಟರೆ ತಪ್ಪೆನ್ನುವ ಎದೆ ಯಾರಿಗಿದೆ? ಲಕ್ಕಮ್ಮನಿಗೆ ಇತ್ತು. ದಿನದ ಅಳತೆಗೆ ಮೀರಿದ ಈ ಅಕ್ಕಿ ಶಿವನು ಮೆಚ್ಚುವುದಲ್ಲ, ಹಿಂದಕ್ಕೆ ಸುರಿದು ಬರಬೇಕೆಂದಳು. ಮಾರಯ್ಯನು ಹಾಗೆಯೇ ಮಾಡಿದನು. ಶೂನ್ಯಸಂಪಾದನೆಯು ಈ ದಂಪತಿಗಳ ಪ್ರಸಂಗಕ್ಕೆ ಪ್ರತ್ಯೇಕವಾದ ಸ್ಥಾನ ಕೊಟ್ಟು ವಿವರಿಸಿರುವುದನ್ನು ನೋಡಿದರೆ, ಹಿರಿಯರು ಇದನ್ನು ಕೇವಲ ಬಡತನದ ಕಥೆಯೆಂದು ಎಣಿಸಲಿಲ್ಲವೆಂಬುದು ವ್ಯಕ್ತವಾಗುತ್ತದೆ.

ಇಲ್ಲಿ ತುಸು ನಿಂತು ನೋಡತಕ್ಕದ್ದಿದೆ. ದೇವರು ಈ ಮನೆಯನ್ನು ಕಾಯ್ದುದು ಎಲ್ಲಿ? ಹೆಚ್ಚಾಗಿ ದೊರೆತ ಅಕ್ಕಿಯಲ್ಲಿ ಎಂದು ಮಾರಯ್ಯನು ಒಂದು ಗಳಿಗೆ ನಂಬಿದ್ದಿರಬಹುದು. ಲಕ್ಕಮ್ಮನ ದೃಷ್ಟಿ ಬೇರೆ. ದಿನದಿನವೂ ತಪ್ಪದೆ ಬರುತ್ತಿದ್ದ ಆ ಸ್ವಲ್ಪವೇ ಅವಳಿಗೆ ಸಾಕಾದ ಕರುಣೆ. ಮಿಕ್ಕಿದುದು ತಮ್ಮ ಮನೆಗೆ ಬಂದರೆ ಮತ್ತಾರದೋ ಮನೆಗೆ ಕೊರತೆಯಾಗುವುದೆಂಬ ಅರ್ಥವನ್ನೂ ಅವಳ ನಿಲುವಿನಿಂದ ತೆಗೆಯಬಹುದು. ಇನ್ನೂ ಒಂದು ಮಾತನ್ನು ಸೇರಿಸಿದರೆ ತಪ್ಪಾಗಲಾರದು: ಮಾರಯ್ಯನ ಪಾಲಿಗೆ ದೇವರ ಕಾವಲು ಹೆಂಡತಿಯ ಬಾಯಿಂದ ಬಂದ “ಸಾಕು” ಎಂಬ ಮಾತಿನ ರೂಪದಲ್ಲಿಯೇ ಬಂದಿತು. ಅಂಥ ಮಾತು ಬಂದಾಗ ಸಿಡುಕುವ ಗಂಡಂದಿರು ತಮ್ಮ ಬಾಗಿಲಿಗೆ ಬಂದವರು ಯಾರೆಂದು ತಿಳಿಯದೆಯೇ ಕದವಿಕ್ಕುತ್ತಾರೆ.

ಮೋಳಿಗೆಯ ಮಾರಯ್ಯನ ಮನೆಯ ಕಥೆಯೂ ಇದೇ ದಾರಿಯದು. ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಕಟ್ಟಿಗೆ ಮಾರಿ ಬದುಕಿದವನೆಂದು ಪರಂಪರೆಯು ಅವನನ್ನು ಕೊಂಡಾಡುತ್ತದೆ. ಅವನಿಲ್ಲದ ವೇಳೆಯಲ್ಲಿ ಬಸವಣ್ಣನವರು ಬಂದು ಮಹಾದೇವಿಯು ನೀಡಿದ ಅಂಬಲಿಯನ್ನು ಸ್ವೀಕರಿಸಿ ಗುಟ್ಟಾಗಿ ಹೊನ್ನನ್ನಿಟ್ಟು ಹೋದರಂತೆ. ಮಾರಯ್ಯನು ಅದನ್ನು ಇಟ್ಟುಕೊಳ್ಳದೆ ಜಂಗಮರಿಗೆ ಒಪ್ಪಿಸಿಬಿಟ್ಟನು. ಆ ಮನೆಯ ಸಿರಿ ಯಾವುದೆಂದರೆ ಅಂಬಲಿ, ಹೊನ್ನಲ್ಲ. ಜೇಡರ ದಾಸಿಮಯ್ಯನಿಗೆ ಶಿವನು ತವನಿಧಿಯನ್ನೇ ಕೊಟ್ಟನಲ್ಲ, ಅದು ಹೇಗೆಂದು ಕೇಳುವವರಿದ್ದಾರೆ. ನೆಯ್ದ ಬಟ್ಟೆಯನ್ನು ಜಂಗಮನು ಬೇಡಿ ಪಡೆದು ಹರಿದು ಹಾಕಿದಾಗಲೂ ದಾಸಿಮಯ್ಯನು ಮುನಿಯದೆ ಅವನನ್ನು ಮನೆಗೆ ಕರೆತಂದನು. ದುಗ್ಗಳೆಯ ಮನೆಯಲ್ಲಿ ಆದರಕ್ಕೆ ಕೊರತೆಯಾಗಲಿಲ್ಲ. ತವನಿಧಿ ಬಂದುದು ಆಮೇಲೆ. ಅದು ಬರುವ ಮೊದಲೇ ಆ ಮನೆ ತುಂಬಿತ್ತು.

ಪುರಾತನರ ಮಾತು ಸಾಕು. ವಿಜಯಪುರ, ಬಾಗಲಕೋಟೆಗಳ ಕಡೆಯ ಒಂದು ಸಾಧಾರಣ ಒಕ್ಕಲುಮನೆಯನ್ನು ಊಹಿಸಿಕೊಳ್ಳಿರಿ. ಮಗನು ಪೇಟೆಗೆ ಹೋದವನು ಕೊನೆಯ ಬಸ್ಸಿಗೆ ಬರುತ್ತಾನೆ. ಎಲ್ಲರ ಊಟವೂ ಮುಗಿದಿದೆ, ದೀಪವಾರಿದೆ. ಅವನು ಕತ್ತಲೆಯಲ್ಲಿ ಕೈಯಾಡಿಸಿದರೆ ರೊಟ್ಟಿಬುಟ್ಟಿಯಲ್ಲಿ ಅರಿವೆಯಲ್ಲಿ ಸುತ್ತಿಟ್ಟ ಎರಡು ರೊಟ್ಟಿ, ಮುಚ್ಚಿಟ್ಟ ಬಟ್ಟಲಿನಲ್ಲಿ ಪಲ್ಯ ಸಿಕ್ಕುತ್ತವೆ. ಉಂಡು ಮಲಗುತ್ತಾನೆ. ಇಟ್ಟವರು ಯಾರೆಂದು ಅವನು ಒಂದು ದಿನವೂ ಕೇಳಿಲ್ಲ. ರೊಟ್ಟಿಬುಟ್ಟಿಯಲ್ಲಿ ರೊಟ್ಟಿ ಇದ್ದೇ ಇರುತ್ತದೆಂಬುದು ಅವನ ನಂಬಿಕೆ. ಆ ದಿನ ತಾಯಿ ಒಂದು ರೊಟ್ಟಿ ಕಡಿಮೆ ಉಂಡಿರಬಹುದು. ತಂಗಿ ತನ್ನ ಪಾಲಿನ ಪಲ್ಯವನ್ನು ಬಟ್ಟಲಿಗೆ ಹಾಕಿರಬಹುದು. ದೇವರು ತನ್ನನ್ನು ನೋಡುತ್ತಿಲ್ಲವೆಂದು ಕೊರಗುವ ಅದೇ ಮಗನು ಈ ಎರಡು ರೊಟ್ಟಿಗಳನ್ನು ಮಾತ್ರ ಎಂದೂ ಕಣ್ಣಿಟ್ಟು ನೋಡಿದವನಲ್ಲ.

ಅಂತೆಯೇ ಆಸ್ತಿಯ ಪಾಲಾಗುವ ದಿನ ಹಳೆಯ ಕೈಗಡದ ಮಾತನ್ನೆತ್ತದೆ ಸುಮ್ಮನಿದ್ದ ಅಣ್ಣ. ಲಕ್ವ ಹೊಡೆದು ಮಲಗಿದ ಅತ್ತೆಯ ಮಗ್ಗುಲನ್ನು ರಾತ್ರಿ ಎರಡು ಸಲ ಎದ್ದು ಬದಲಿಸುವ ಸೊಸೆ. ಬೆಂಗಳೂರಿನ ನೌಕರಿಯಿಂದ ಹಣ ಕಳುಹಿಸುವುದಲ್ಲದೆ ಅಪ್ಪನ ಕೆಮ್ಮು ಕಡಿಮೆಯಾಯಿತೆ ಎಂದು ವಾರಕ್ಕೊಮ್ಮೆ ಕೇಳುವ ಕಿರಿಯ ಮಗ. ಇವು ಯಾವ ಪುರಾಣದಲ್ಲಿಯೂ ಸೇರಲಾರವು. ಪ್ರಸಾದಿಯ ಕಣ್ಣಿಗೆ ಬೀಳಬೇಕಾದುವು ಇವೇ.

ಇಲ್ಲಿ ಒಂದು ಎಚ್ಚರ ಅಗತ್ಯ. ಸೊಸೆಯಾದವಳು ಕೋಳಿ ಕೂಗುವ ಮುನ್ನ ಎದ್ದು ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಹೊತ್ತು, ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಮನೆಯಲ್ಲಿ “ದೇವರು ಚೆನ್ನಾಗಿಟ್ಟಿದ್ದಾನೆ” ಎಂದು ತೇಗುವ ಯಜಮಾನನಿಗೆ ಅವಧಾನಭಕ್ತಿ ಇನ್ನೂ ದೂರ. ಅವನು ಕಂಡುದು ತನ್ನ ತಟ್ಟೆಯನ್ನು ಮಾತ್ರ. ಒಬ್ಬರ ಬೆನ್ನಿನ ನೋವನ್ನು ಮತ್ತೊಬ್ಬರ ಪಾಲಿನ ಪ್ರಸಾದವೆಂದು ಕರೆಯುವುದು ಶರಣಧರ್ಮಕ್ಕೆ ಒಪ್ಪುವುದಿಲ್ಲ. ನೂಲುವ ಕದಿರ ರೆಮ್ಮವ್ವೆಯನ್ನೂ ಕುಟ್ಟುವ ಕೊಟ್ಟಣದ ಸೋಮವ್ವೆಯನ್ನೂ ಶರಣರು ಆಳುಗಳೆಂದು ಕಾಣದೆ ಕಾಯಕಜೀವಿಗಳಾದ ಶರಣೆಯರೆಂದೇ ಗೌರವಿಸಿದರು. ಅವರು ನುಡಿದ ವಚನಗಳನ್ನು ಕಾಪಾಡಿಕೊಂಡು ಬಂದರು. ದೇವರ ಕರುಣೆಯನ್ನು ಮನೆಯಲ್ಲಿ ಕಂಡವನು ರೊಟ್ಟಿ ಬಡಿಯುವವಳನ್ನು ಮೊದಲು ಕೂರಿಸಿ ಉಣಬಡಿಸಲು ನಾಚಬಾರದು.

ಕರುಣೆಯು ಮನೆಯನ್ನು ಬಿಟ್ಟು ಹೋಗುವ ದಿನವೆಂಬುದು ಉಂಟೆ? ಲೋಕರೂಢಿಯು ಉಂಟೆನ್ನುತ್ತದೆ. ಹೆರಿಗೆಯಾದರೆ ಮೈಲಿಗೆ, ಸಾವಾದರೆ ಮೈಲಿಗೆ, ಹೆಣ್ಣುಮಕ್ಕಳು ತಿಂಗಳಲ್ಲಿ ಕೆಲವು ದಿನ ಹೊರಗೆ. ಅಂಥ ದಿನಗಳಲ್ಲಿ ದೇವರ ಪೂಜೆ ನಿಲ್ಲುತ್ತದೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳೂ ಲಿಂಗವಂತರಿಗಿಲ್ಲವೆಂದು ಶರಣರು ಸಾರಿದುದನ್ನು ಸಾಮಾನ್ಯವಾಗಿ ಸಮಾಜಸುಧಾರಣೆಯ ಮಾತೆಂದು ವ್ಯಾಖ್ಯಾನಿಸುತ್ತಾರೆ. ಅದು ನಿಜ. ಆದರೆ ಅದರಲ್ಲಿ ಇನ್ನೂ ಒಂದು ಆಳವಿದೆ. ನೋವಿನಿಂದ ಬೆವರಿದ ಬಾಣಂತಿಯ ಎದೆಯ ಮೇಲೆ ಲಿಂಗವಿದೆ. ಹುಟ್ಟಿದ ಮಗುವಿಗೆ ಲಿಂಗಧಾರಣೆಯಾಗುತ್ತದೆ. ಸಾಯುವವನ ಕೈಯಲ್ಲಿಯೂ ಲಿಂಗವೇ. ಮನುಷ್ಯರಿಗೆ ದೇವರು ಅತ್ಯಂತ ಅವಶ್ಯವಾದ ದಿನಗಳಂದೇ ಅವನನ್ನು ಹೊರಗಿಡುವ ಏರ್ಪಾಟನ್ನು ಶರಣರು ಕಿತ್ತುಹಾಕಿದರು. ಬಾಯಿಂದ ಇದನ್ನೊಪ್ಪಿ, ಮನೆಯ ಹೆಣ್ಣುಮಗಳನ್ನು ಆ ದಿನಗಳಲ್ಲಿ ಪಡಸಾಲೆಯ ಮೂಲೆಯಲ್ಲಿ ಕೂರಿಸುವ ಭಕ್ತರು ಇಂದಿಗೂ ಇದ್ದಾರೆಂಬುದು ಖೇದದ ವಿಷಯ.

ಇನ್ನು ಉಳಿದಿರುವುದು ಕಠಿಣವಾದ ಪ್ರಶ್ನೆ. ಬೆಳೆದ ಮಗುವನ್ನು ಕಳೆದುಕೊಂಡ ಮನೆಯಲ್ಲಿ ದೇವರ ಕಾಳಜಿಯನ್ನು ತೋರಿಸುವುದೆಂತು? ಇಂಥ ಮನೆಗೆ ಹೋಗಿ “ಇದೂ ಪ್ರಸಾದವೆಂದು ತಿಳಿ, ತಂಗಿ” ಎಂದು ಉಪದೇಶಿಸುವವರನ್ನು ಊರೂರಲ್ಲಿ ಕಾಣಬಹುದು. ಮಾತು ಶಾಸ್ತ್ರಕ್ಕೆ ಸಮ್ಮತವಾಗಿರಬಹುದು. ಆಡಿದವನಿಗೆ ಅದನ್ನಾಡುವ ಅಧಿಕಾರವಿಲ್ಲ. ಸುಖದುಃಖಗಳೆರಡನ್ನೂ ಪ್ರಸಾದವೆಂದು ಕೊಳ್ಳುವ ಎತ್ತರವು ಪ್ರಸಾದಿಯು ತಾನೇ ತನ್ನ ಬಗ್ಗೆ ಮುಟ್ಟಬೇಕಾದುದು. ಮತ್ತೊಬ್ಬರ ಕೊರಳಿಗೆ ಕಟ್ಟತಕ್ಕದ್ದಲ್ಲ. ತಾಯಿಯ ಅಳುವಿಗೆ ಉತ್ತರ ಕೊಡಬೇಕಾದ ಹೊಣೆ ನೆರೆಯವರದಲ್ಲ. ಅವಳ ಒಲೆ ಹೊತ್ತದ ದಿನ ನೆರೆಮನೆಯಿಂದ ಬುತ್ತಿ ಬರುತ್ತದೆ. ತಂದವಳು ಹೆಚ್ಚು ಮಾತಾಡುವುದಿಲ್ಲ. ಉಳಿದ ಮಕ್ಕಳನ್ನು ಕೂರಿಸಿ ಉಣ್ಣಿಸುತ್ತಾಳೆ, ಪಾತ್ರೆ ತೊಳೆದಿಟ್ಟು ಹೋಗುತ್ತಾಳೆ, ಮರುದಿನ ಮತ್ತೆ ಬರುತ್ತಾಳೆ. ಆ ತಾಯಿಗೆ ಅಂದು ಅದು ಕಾಣದೆ ಹೋಗಬಹುದು. ಎಷ್ಟೋ ತಿಂಗಳು ಕಳೆದ ಮೇಲೆ, ಆ ದಿನಗಳಲ್ಲಿ ಮಕ್ಕಳು ಹಸಿದಿರಲಿಲ್ಲವೆಂಬುದು ಅವಳ ನೆನಪಿಗೆ ಬರುತ್ತದೆ. ಹೇಗೆಂದು ಅವಳು ಆಗ ಕೇಳಿಕೊಳ್ಳುತ್ತಾಳೆ.

ಮನೆಯವರ ಮುಖವನ್ನೂ ದೇವರ ಮುಖವನ್ನೂ ಬೇರೆ ಮಾಡದೆ ನೋಡಿದುದಕ್ಕೆ ಶರಣೆಯರ ಅಂಕಿತಗಳೇ ಸಾಕ್ಷಿ. ಮಾರಯ್ಯನ ವಚನಗಳು ಅಮರೇಶ್ವರಲಿಂಗದ ಹೆಸರಿನಿಂದ ಮುಗಿಯುತ್ತವೆ. ಲಕ್ಕಮ್ಮನು ಅದೇ ದೇವರನ್ನು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ವೆಂದು ಕರೆದಳು, ಮೋಳಿಗೆಯ ಮಹಾದೇವಿಯ ಅಂಕಿತದಲ್ಲಿಯೂ ‘ಎನ್ನಯ್ಯಪ್ರಿಯ’ನೆಂಬ ಮಾತು ದೇವರ ಹೆಸರಿಗೆ ಮುಂಚೆ ಬರುತ್ತದೆ. ಗಂಡನ ನೆರಳಿನಲ್ಲಿ ಹೆಂಡತಿಯ ಹೆಸರು ಅಡಗಿತೆಂದು ಆಕ್ಷೇಪಿಸುವವರುಂಟು. ಆದರೆ ದೇವರನ್ನು ಕರೆಯುವಾಗ ಗಂಡನ ಹೆಸರನ್ನು ಬಿಡದ ಲಕ್ಕಮ್ಮನೇ, ಅದೇ ಗಂಡನನ್ನು ಪ್ರಭುವಿನ ಮುಂದಿನಿಂದ ಎಬ್ಬಿಸಿ ಕಾಯಕಕ್ಕೆ ಕಳುಹಿದವಳು. ಅಕ್ಕಿಯ ಗಂಟನ್ನು ಹೊತ್ತು ಬಂದವನನ್ನು ಹೊಸ್ತಿಲಿನಿಂದಲೇ ತಿರುಗಿಸಿದವಳು.