ಕೊಲೆಸ್ಟರಾಲ್: ರಿಪೋರ್ಟಿನ ಒಂದೇ ಸಾಲು ನೋಡಿದರೆ ಸಾಕೇ?

"ಹಕೀಮ್ ಸಾಹೇಬ್ರೆ, ಕೊಲೆಸ್ಟರಾಲ್ 180 ಇದೆ. ನಾರ್ಮಲ್ ಅಲ್ವಾ?" ರಿಪೋರ್ಟ್ ಹಿಡಿದು ಬರುವವರು ಹೆಚ್ಚಾಗಿ ಕೇಳುವ ಪ್ರಶ್ನೆಯಿದು. ಒಟ್ಟು ಕೊಲೆಸ್ಟರಾಲ್ 200ಕ್ಕಿಂತ ಕಡಿಮೆಯಿದ್ದರೆ ಒಳ್ಳೆಯದೇ. ಆದರೆ ಕೆಳಗಿನ ಸಾಲುಗಳನ್ನೂ ಓದಿ. ಅದೇ ರಿಪೋರ್ಟಿನಲ್ಲಿ ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 240 ಎಂದಿದ್ದರೆ ಅದು ನಾರ್ಮಲ್ ಅಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಕ್ಕರೆ ಕಾಯಿಲೆ ಮುಂತಾದವುಗಳ ಬಗ್ಗೆ ದೇಶದಾದ್ಯಂತ ನಡೆಸಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ವಯಸ್ಕರಲ್ಲಿ ಶೇ. 81.2ರಷ್ಟು ಮಂದಿಯ ರಕ್ತದ ಕೊಬ್ಬಿನಲ್ಲಿ ಯಾವುದಾದರೊಂದು ಏರುಪೇರಿದೆ. ಒಟ್ಟು ಕೊಲೆಸ್ಟರಾಲ್ ಹೆಚ್ಚಿರುವವರು ಶೇ. 24 ಮಾತ್ರ. ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಹೆಚ್ಚಿರುವವರು ಸುಮಾರು ಶೇ. 21. ಟ್ರೈಗ್ಲಿಸರೈಡ್ ಹೆಚ್ಚಿರುವವರು ಶೇ. 32. ಒಳ್ಳೆಯದೆನ್ನುವ ಎಚ್‌ಡಿಎಲ್ ಕಡಿಮೆಯಿರುವವರಂತೂ ಶೇ. 67ರಷ್ಟು! ಗಂಡಸರಲ್ಲಿ ಅದು 40, ಹೆಂಗಸರಲ್ಲಿ 50ಕ್ಕಿಂತ ಕೆಳಗಿಳಿಯಬಾರದು. ಅಂದರೆ ನಮ್ಮವರ ಕಾಯಿಲೆ ಹೆಚ್ಚಾಗಿ ಅಡಗಿರುವುದು ಯಾರೂ ಓದದ ಸಾಲುಗಳಲ್ಲಿ.

ಕಾರಣ ಏನು? ಮೊಟ್ಟೆಯ ಹಳದಿ ಬಿಟ್ಟಿದ್ದೇನೆ ಎಂದು ಹೆಮ್ಮೆಯಿಂದ ಹೇಳುವವರು ಎರಡು ಪರೋಟ, ಎರಡು ಚಮಚ ಸಕ್ಕರೆಯ ಚಹಾ ಬಿಟ್ಟಿರುವುದಿಲ್ಲ. ರಕ್ತದಲ್ಲಿರುವ ಕೊಲೆಸ್ಟರಾಲಿನ ಹೆಚ್ಚಿನ ಪಾಲನ್ನು ನಮ್ಮ ಪಿತ್ತಜನಕಾಂಗವೇ ತಯಾರಿಸುತ್ತದೆ. ಬಿಳಿ ಅನ್ನ, ಮೈದಾ, ಸಕ್ಕರೆ ಅತಿಯಾದಾಗ ಅದೇ ಪಿತ್ತಜನಕಾಂಗ ಅವನ್ನು ಟ್ರೈಗ್ಲಿಸರೈಡ್ ಆಗಿ ಮಾರ್ಪಡಿಸುತ್ತದೆ. ಅದು ಏರಿದಂತೆ ಎಚ್‌ಡಿಎಲ್ ಇಳಿಯುತ್ತದೆ. ಮಟನ್ನಿನ ಕೊಬ್ಬು, ತುಪ್ಪ, ಡಾಲ್ಡಾ ಏರಿಸುವುದು ಎಲ್‌ಡಿಎಲ್ಅನ್ನು. ವಲೀಮಾದ ಒಂದು ಬಿರಿಯಾನಿಯಿಂದ ಯಾರಿಗೂ ಹೃದಯಾಘಾತವಾಗುವುದಿಲ್ಲ, ಹೆದರಬೇಡಿ. ಪ್ರತಿದಿನದ ತಟ್ಟೆಯ ಲೆಕ್ಕ ನೋಡಿ. ಬೀಡಿ, ಸಿಗರೇಟು ಎಚ್‌ಡಿಎಲ್ಅನ್ನು ಇನ್ನಷ್ಟು ಇಳಿಸುತ್ತವೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಮನೆತನದಿಂದ ಬಂದ ದೋಷಗಳೂ ಕಾರಣವಾಗುತ್ತವೆ. ಆದ್ದರಿಂದ "ನಾನು ತೆಳ್ಳಗಿದ್ದೇನೆ" ಎಂಬ ಧೈರ್ಯ ಬೇಡ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರನ್ನು ನಾನು ದಿನವೂ ನೋಡುತ್ತೇನೆ.

ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ವಿಷಯಗಳನ್ನು ಹೇಳುತ್ತಾರೆ. ಅವುಗಳಲ್ಲಿ ಆಹಾರ ಒಂದು, ದೇಹದ ಚಲನೆ ಮತ್ತು ವಿಶ್ರಾಂತಿ ಇನ್ನೊಂದು. ನಾವು ಆಹಾರದ ಬಗ್ಗೆ ಮಾತ್ರ ಮಾತನಾಡುತ್ತೇವೆ. ಅಂಗಡಿಯ ಗಲ್ಲಾದಲ್ಲಿ ಹನ್ನೆರಡು ಗಂಟೆ ಕುಳಿತು, ಎರಡು ಫರ್ಲಾಂಗಿಗೂ ಬೈಕ್ ಹತ್ತುವವರಿಗೆ ಪಥ್ಯ ಒಂದೇ ಸಾಲದು. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಮನೆಯ ಹೆಂಗಸರಿಗೂ ಆ ಅರ್ಧ ಗಂಟೆ ಸಿಗಲಿ. ಅಡುಗೆಮನೆಯ ಓಡಾಟ ಅದಕ್ಕೆ ಸಮವಲ್ಲ.

ಈಗ ನನ್ನ ವೃತ್ತಿಯವರಿಗೆ ಇಷ್ಟವಾಗದ ಮಾತು. ಬೆಳ್ಳುಳ್ಳಿ, ಕಲೋಂಜಿ ತಿಂದರೆ ಕೊಲೆಸ್ಟರಾಲ್ ಮಾತ್ರೆ ಬೇಡ ಎಂದು ಯಾರು ಹೇಳಿದರೂ ನಂಬಬೇಡಿ. ಅವುಗಳಿಂದ ಅಲ್ಪಸ್ವಲ್ಪ ಪ್ರಯೋಜನವಾಗಬಹುದು. ಆದರೆ ಒಮ್ಮೆ ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು ಸ್ಟ್ಯಾಟಿನ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ಮೈಕೈ ನೋವು ಬಂದರೆ ಬರೆದುಕೊಟ್ಟ ವೈದ್ಯರಿಗೆ ಹೇಳಿ. ಪ್ರಮಾಣ ಕಡಿಮೆ ಮಾಡಲು, ಬೇರೆ ಮಾತ್ರೆ ಕೊಡಲು ದಾರಿಯಿದೆ. ಅದು ದಿನಕ್ಕೊಂದೇ ಮಾತ್ರೆಯಾದ್ದರಿಂದ ರಮಝಾನಿನಲ್ಲಿ ಇಫ್ತಾರ್ ನಂತರ ನುಂಗಬಹುದು, ಬಿಡುವ ಅಗತ್ಯವಿಲ್ಲ.

ಭಾರತದ ಹೃದ್ರೋಗ ತಜ್ಞರ ಸಂಘ 2024ರಲ್ಲಿ ನೀಡಿದ ಸಲಹೆಯಂತೆ 18ರ ವಯಸ್ಸಿಗೇ ಒಮ್ಮೆ ಈ ಪರೀಕ್ಷೆಯಾಗಬೇಕು. ತಂದೆಗೋ ತಾಯಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ಅದಕ್ಕೂ ಮೊದಲೇ ಮಾಡಿಸಿ. ಮೊದಲ ಪರೀಕ್ಷೆಗೆ ಬರಿ ಹೊಟ್ಟೆಯಲ್ಲಿರಬೇಕೆಂದಿಲ್ಲ. ಟ್ರೈಗ್ಲಿಸರೈಡ್ ತೀರಾ ಹೆಚ್ಚು ಬಂದರೆ ಮಾತ್ರ ಬರಿ ಹೊಟ್ಟೆಯಲ್ಲಿ ಇನ್ನೊಮ್ಮೆ ನೋಡುತ್ತಾರೆ.