ಆಂಟಿವೈರಸ್ ಅಪ್‌ಡೇಟ್: ಅದರಲ್ಲಿ ಹೊಸದೇನು ಬರುತ್ತದೆ?



ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಆಗಾಗ ‘ಅಪ್‌ಡೇಟ್ ಸಿದ್ಧವಾಗಿದೆ’ ಎಂಬ ಸೂಚನೆ ಬರುತ್ತದೆ. ನಮ್ಮಲ್ಲಿ ಬಹಳ ಜನ ‘ಆಮೇಲೆ ನೋಡೋಣ ಬಿಡು’ ಅಂತ ಅದನ್ನು ಮುಚ್ಚಿಬಿಡುತ್ತಾರೆ. ಆ ಅಪ್‌ಡೇಟ್‌ನೊಳಗೆ ಏನಿರುತ್ತದೆ? ಹೊಸ ಸೌಲಭ್ಯ ಎಂದರೆ ಏನು? ಅದನ್ನು ಎಷ್ಟು ನಂಬಬೇಕು? ಈ ಪಾಠದಲ್ಲಿ ತಿಳಿಯೋಣ.

1. ವೈರಸ್ ಎಂದರೇನು?

ಕಂಪ್ಯೂಟರ್ ವೈರಸ್ ರೋಗದ ಕ್ರಿಮಿಯಲ್ಲ. ಅದು ಮನುಷ್ಯರೇ ಬರೆದ ಒಂದು ಪ್ರೋಗ್ರಾಂ. ನಮಗೆ ತಿಳಿಯದಂತೆ ಒಳಗೆ ಸೇರಿ, ತನ್ನ ಪ್ರತಿಗಳನ್ನು ತಾನೇ ಮಾಡಿಕೊಂಡು ಹರಡುತ್ತದೆ. ಐಬಿಎಂ ಮಾದರಿಯ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್‌ನ ಹೆಸರು ‘ಬ್ರೈನ್’. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಅದನ್ನು ಬರೆದರು. ಆಗ ಅದು ಫ್ಲಾಪಿಯ ಮೂಲಕ ಕೈಯಿಂದ ಕೈಗೆ ಹೋಗುತ್ತಿತ್ತು. ಈಗಿನವು ಇಂಟರ್ನೆಟ್ಟಿನಿಂದಲೂ ಪೆನ್‌ಡ್ರೈವಿನಿಂದಲೂ ಬರುತ್ತವೆ.

2. ಮೊದಲ ವಿಧಾನ: ಗುರುತು ನೋಡಿ ಹಿಡಿಯುವುದು

ಜಾತ್ರೆಯಲ್ಲಿ ಪೊಲೀಸರು ಕಳ್ಳರ ಫೋಟೋ ಹಾಕಿರುತ್ತಾರಲ್ಲ, ಆಂಟಿವೈರಸ್ ಕೂಡ ಹಾಗೆಯೇ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಒಂದೊಂದು ವೈರಸ್‌ನ ಒಳಗೂ ಅದರದೇ ಆದ ಅಕ್ಷರ, ಅಂಕಿಗಳ ಸಾಲು ಇರುತ್ತದೆ. ಇದಕ್ಕೆ ಸಿಗ್ನೇಚರ್ ಎನ್ನುತ್ತಾರೆ. ಫೈಲಿನಲ್ಲಿ ಆ ಸಾಲು ಕಂಡರೆ ಆಂಟಿವೈರಸ್ ಅದನ್ನು ತಡೆಯುತ್ತದೆ.

ಇದರಲ್ಲಿ ಒಂದು ಕೊರತೆ ಇದೆ. ಫೋಟೋ ಇಲ್ಲದ ಕಳ್ಳ ಎದುರಿಗೇ ಬಂದರೂ ಗೊತ್ತಾಗಲ್ಲ. ಆದ್ದರಿಂದಲೇ ಪಟ್ಟಿಗೆ ಪ್ರತಿದಿನ ಹೊಸ ಗುರುತುಗಳು ಸೇರುತ್ತವೆ. ದಿನಾ ಬರುವ ಚಿಕ್ಕ ಅಪ್‌ಡೇಟ್ ಎಂದರೆ ಮುಖ್ಯವಾಗಿ ಈ ಪಟ್ಟಿಯೇ.

3. ಎರಡನೆಯ ವಿಧಾನ: ನಡತೆ ನೋಡಿ ಹಿಡಿಯುವುದು

ಹೊಸ ಸೌಲಭ್ಯಗಳು ಬರುವುದು ಅಪರೂಪಕ್ಕೆ ಬರುವ ದೊಡ್ಡ ಅಪ್‌ಡೇಟ್‌ಗಳಲ್ಲಿ. ಇವುಗಳಲ್ಲಿ ಹಲವು ಮುಖ ನೋಡುವುದಿಲ್ಲ, ನಡತೆ ನೋಡುತ್ತವೆ. ಒಂದು ಪ್ರೋಗ್ರಾಂ ಒಂದೇ ನಿಮಿಷದಲ್ಲಿ ನೂರಾರು ಫೈಲುಗಳನ್ನು ಬದಲಾಯಿಸತೊಡಗಿದರೆ ‘ಇದೇನೋ ಸರಿಯಿಲ್ಲ’ ಅಂತ ತಡೆಯುತ್ತವೆ.

ಒಂದು ನಿಜವಾದ ಉದಾಹರಣೆ ನೋಡೋಣ. 2017ರ ಮೇ 12ರಂದು ‘ವಾನಾಕ್ರೈ’ ಎಂಬ ದುಷ್ಟ ಪ್ರೋಗ್ರಾಂ ಹರಡಿತು. ಅದು ಫೈಲುಗಳನ್ನು ಗುಪ್ತ ಲಿಪಿಗೆ ಬದಲಾಯಿಸಿ, ಬಿಡಿಸಿಕೊಡಲು 300 ಡಾಲರ್ ಕೇಳುತ್ತಿತ್ತು. ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆ ಮುಂದಕ್ಕೆ ಹೋಯಿತು. ದುಃಖದ ಸಂಗತಿ ಏನೆಂದರೆ, ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ವಿಂಡೋಸ್ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಎರಡು ತಿಂಗಳು ಕಳೆದರೂ ಎಷ್ಟೋ ಕಡೆ ಹಾಕಿಕೊಂಡಿರಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಅದೇ ವರ್ಷ ಜೂನ್‌ನಲ್ಲಿ ಮೈಕ್ರೋಸಾಫ್ಟ್, ವಿಂಡೋಸ್ 10ರ ಮುಂದಿನ ಅಪ್‌ಡೇಟ್‌ನಲ್ಲಿ ಡಿಫೆಂಡರ್ ಆಂಟಿವೈರಸ್‌ಗೆ ಹೊಸ ಸೌಲಭ್ಯ ಬರುತ್ತದೆ ಎಂದು ತಿಳಿಸಿತು. ಅಕ್ಟೋಬರ್‌ನಲ್ಲಿ ಅದು ಬಂತು. ಹೆಸರು ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’. ಕೆಲಸ ಸರಳ: ನಂಬಿಕೆಯ ಪ್ರೋಗ್ರಾಂ ಮಾತ್ರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರುಗಳಲ್ಲಿ ಬದಲಾವಣೆ ಮಾಡಬಹುದು. ಗುರುತಿಲ್ಲದವರು ಕೈ ಹಾಕುವಂತಿಲ್ಲ. ವಿಂಡೋಸ್ 11ರಲ್ಲೂ ಇದು ಇದೆ.

ಆದರೆ ಮೂರು ಮಾತು ಗಮನಿಸಿ. ಒಂದು, ಇದು ತಾನಾಗಿ ಚಾಲೂ ಆಗಿರುವುದಿಲ್ಲ, ನಾವೇ ಆನ್ ಮಾಡಬೇಕು. ಎರಡು, ಒಳ್ಳೆಯ ಪ್ರೋಗ್ರಾಮನ್ನೂ ಕೆಲವು ಸಲ ತಡೆದುಬಿಡುತ್ತದೆ, ಆಗ ಅದನ್ನು ಅನುಮತಿ ಪಟ್ಟಿಗೆ ಸೇರಿಸಬೇಕು. ಮೂರು, ಇದು ಬದಲಾಯಿಸುವುದನ್ನು ತಡೆಯುತ್ತದೆಯೇ ಹೊರತು ಓದುವುದನ್ನು ತಡೆಯುವುದಿಲ್ಲ.

4. ಅಪ್‌ಡೇಟ್‌ನಿಂದಲೇ ತೊಂದರೆಯಾದರೆ?

ಹಾಗೂ ಆಗಿದೆ. 2024ರ ಜುಲೈ 19ರಂದು ‘ಕ್ರೌಡ್‌ಸ್ಟ್ರೈಕ್’ ಎಂಬ ಅಮೆರಿಕದ ಕಂಪನಿಯ ರಕ್ಷಣಾ ಪ್ರೋಗ್ರಾಮಿಗೆ ಬಂದ ಒಂದು ಅಪ್‌ಡೇಟ್‌ನಲ್ಲಿ ದೋಷವಿತ್ತು. ಹೊಸ ನಿಯಮ 21 ಅಂಶಗಳನ್ನು ಕೇಳುತ್ತಿತ್ತು, ಪ್ರೋಗ್ರಾಂ ಕೊಡುತ್ತಿದ್ದದ್ದು 20 ಮಾತ್ರ. ಇಲ್ಲದ 21ನೆಯದನ್ನು ಹುಡುಕಹೋಗಿ ವಿಂಡೋಸ್ ಕುಸಿದುಬಿತ್ತು. 78 ನಿಮಿಷಗಳಲ್ಲಿ ಆ ಫೈಲನ್ನು ವಾಪಸ್ ತೆಗೆದರೂ, ಅಷ್ಟರಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ನಿಂತುಹೋಗಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು!

ಹಾಗಾದರೆ ಅಪ್‌ಡೇಟೇ ಬೇಡವೆ? ಹಾಗಲ್ಲ. ಊಟದಲ್ಲಿ ಒಮ್ಮೆ ಕಲ್ಲು ಸಿಕ್ಕಿತು ಅಂತ ಯಾರಾದರೂ ಊಟ ಬಿಡುತ್ತಾರೆಯೇ? ಅಕ್ಕಿ ಆರಿಸಿ ಮಾಡುತ್ತಾರೆ. ಆ ಕಂಪನಿಯೂ ಮುಂದೆ ಇಂಥ ಅಪ್‌ಡೇಟನ್ನು ಮೊದಲು ಕೆಲವೇ ಕಂಪ್ಯೂಟರುಗಳಿಗೆ ಕಳಿಸಿ, ನೋಡಿ, ಆಮೇಲೆ ಎಲ್ಲರಿಗೂ ಕಳಿಸುವ ಕ್ರಮ ತಂದಿತು. ಶಾಲೆಯಲ್ಲೂ ದೊಡ್ಡ ಅಪ್‌ಡೇಟನ್ನು ಮೊದಲು ಒಂದು ಕಂಪ್ಯೂಟರಿಗೆ ಹಾಕಿ, ಎರಡು ದಿನ ನೋಡಿ, ನಂತರ ಉಳಿದವಕ್ಕೆ ಹಾಕಬಹುದು. ದಿನದ ಪಟ್ಟಿಗೆ ಮಾತ್ರ ಕಾಯಬಾರದು.

5. ನಾವು ಮಾಡಬೇಕಾದ್ದು

(ಅ) ಇಂಟರ್ನೆಟ್ ಇಲ್ಲದ ಕಂಪ್ಯೂಟರನ್ನು ಮರೆಯಬೇಡಿ. ಪೆನ್‌ಡ್ರೈವ್ ಓಡಾಡುವ ಕಡೆ ವೈರಸ್ಸೂ ಓಡಾಡುತ್ತದೆ. ಡಿಫೆಂಡರ್‌ನ ಹೊಸ ಪಟ್ಟಿಯನ್ನು ಮೈಕ್ರೋಸಾಫ್ಟ್ ಜಾಲತಾಣದಿಂದ ಬೇರೆ ಕಡೆ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದು ಹಾಕಬಹುದು.

(ಆ) ಒಂದೇ ಕಂಪ್ಯೂಟರಿನಲ್ಲಿ ಎರಡು ಆಂಟಿವೈರಸ್ ಹಾಕಬೇಡಿ. ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುತ್ತದೆ.

(ಇ) ಮುಖ್ಯವಾದ ಫೈಲುಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಪ್ರತಿ ಮಾಡಿದ ಮೇಲೆ ಆ ಡ್ರೈವನ್ನು ಕಂಪ್ಯೂಟರಿನಿಂದ ಬಿಚ್ಚಿಡಿ. ಚುಚ್ಚಿಯೇ ಬಿಟ್ಟರೆ ಎರಡೂ ಒಟ್ಟಿಗೆ ಹಾಳಾಗುತ್ತವೆ.

ಕೊನೆಯದೇ ಎಲ್ಲಕ್ಕಿಂತ ದೊಡ್ಡದು. ಹೊಸ ಸೌಲಭ್ಯ ಎಷ್ಟೇ ಬರಲಿ, ಅವು ಕಳ್ಳನನ್ನು ತಡೆಯಲು ಇರುವವು. ಹೋದ ಫೈಲನ್ನು ತಂದುಕೊಡುವ ಭರವಸೆ ಅವಕ್ಕಿಲ್ಲ. ಒಂದು ತರಗತಿಯ ವರ್ಷದ ಅಂಕಪಟ್ಟಿ ಒಂದೇ ಕಡೆ ಇದ್ದು ಅಳಿಸಿಹೋದರೆ, ಅದನ್ನು ಉಳಿಸುವುದು ಇನ್ನೊಂದು ಪ್ರತಿ ಮಾತ್ರ. ಕಾವಲುಗಾರನೂ ಇರಲಿ, ಬಿತ್ತನೆ ಬೀಜವೂ ಬೇರೆ ಕಡೆ ಇರಲಿ.

ಪ್ರಶ್ನೆಗಳು

1. ಗುರುತು ನೋಡಿ ಹಿಡಿಯುವುದಕ್ಕೂ ನಡತೆ ನೋಡಿ ಹಿಡಿಯುವುದಕ್ಕೂ ಏನು ವ್ಯತ್ಯಾಸ?
2. ವಾನಾಕ್ರೈ ಹರಡುವ ಎಷ್ಟು ದಿನ ಮೊದಲು ವಿಂಡೋಸ್ ಅಪ್‌ಡೇಟ್ ಬಂದಿತ್ತು? ಲೆಕ್ಕ ಮಾಡಿ.
3. ನಿಮ್ಮ ಮನೆಯ ಕಂಪ್ಯೂಟರ್ ಅಥವಾ ಫೋನಿನಲ್ಲಿರುವ ಯಾವ ಫೈಲಿಗೆ ಇನ್ನೊಂದು ಪ್ರತಿ ಇಲ್ಲ? ಇವತ್ತೇ ನೋಡಿ.